ಪೇಟೆಯವರಿಗಾಗಿ ಒಂದು ದಿನ: ಹುಬ್ಬಳ್ಳಿಯಲ್ಲಿ ಜಾಲತಾಣ ಮಾರಾಟದ ಸಮ್ಮೇಳನ ನಡೆಸುವ ಬಗೆ

ಸಮ್ಮೇಳನ ಮಾಡೋಣವೆಂದು ನಾಲ್ಕು ಜನ ಕೂಡಿದಾಗ ಮೊದಲು ಏಳುವ ಪ್ರಶ್ನೆ ಸಾಮಾನ್ಯವಾಗಿ ‘ಉದ್ಘಾಟನೆಗೆ ಯಾರನ್ನು ಕರೆಯೋಣ?’ ಎಂಬುದು, ಎರಡನೆಯದು ‘ಯಾವ ಸಭಾಂಗಣ?’ ಎಂಬುದು. ಕೇಳಲು ಬರುವವರು ಯಾರು, ಅವರು ಏನನ್ನು ಮಾರುತ್ತಾರೆ, ಅವರ ಫೋನಿನಲ್ಲಿ ಈಗ ಏನಿದೆ ಎಂಬ ಪ್ರಶ್ನೆಗಳು ಬರುವ ಹೊತ್ತಿಗೆ ಆಹ್ವಾನಪತ್ರಿಕೆ ಅಚ್ಚಿಗೆ ಹೋಗಿಬಿಟ್ಟಿರುತ್ತದೆ. ಸಾಮಾಜಿಕ ಜಾಲತಾಣಗಳ ಮೂಲಕ ಮಾರಾಟ ಮಾಡುವುದನ್ನು ಕುರಿತ ಪ್ರಾದೇಶಿಕ ಸಮ್ಮೇಳನವನ್ನು ನಡೆಸುವವರು ಈ ಕ್ರಮವನ್ನು ತಲೆಕೆಳಗು ಮಾಡಬೇಕು. ರಾಜಧಾನಿಯ ದೊಡ್ಡ ಸಮ್ಮೇಳನಗಳಿಗೆ ಜನ ವೇದಿಕೆಯನ್ನು ನೋಡಿ ಬರುತ್ತಾರೆ, ಅವರಲ್ಲಿ ಹೆಚ್ಚಿನವರ ಖರ್ಚನ್ನು ಕಂಪನಿ ಭರಿಸುತ್ತದೆ. ಹುಬ್ಬಳ್ಳಿಯಲ್ಲಿ ಕುರ್ಚಿಯ ಮೇಲೆ ಕೂರುವವರು ಅಂಗಡಿಯ ಬಾಗಿಲನ್ನು ಒಂದು ದಿನ ಎಳೆದು, ಆ ದಿನದ ಗಲ್ಲಾವನ್ನು ಬಿಟ್ಟುಕೊಟ್ಟು, ಸ್ವಂತ ಹಣದಲ್ಲಿ ಬಸ್ಸು ಹತ್ತಿ ಬಂದವರು. ಅವರಿಗೆ ಸ್ಫೂರ್ತಿಯ ಮಾತುಗಳಿಗಿಂತ ಸಂಜೆ ಮನೆಗೆ ಮರಳುವಾಗ ಫೋನಿನಲ್ಲಿ ಆಗಿರಬೇಕಾದ ಒಂದು ಬದಲಾವಣೆ ಮುಖ್ಯ.

ಇಲ್ಲಿ ಹೇಳುವುದೆಲ್ಲ ಒಂದು ದಿನದ, ಸುಮಾರು 250 ಜನರ ಸಮ್ಮೇಳನಕ್ಕೆ ಹೊಂದುವಂಥದ್ದು. ಹುಬ್ಬಳ್ಳಿಯನ್ನು ಉದಾಹರಣೆಯಾಗಿ ತೆಗೆದುಕೊಂಡಿದ್ದೇನೆ, ಏಕೆಂದರೆ ಬೆಳಗಾವಿ, ಗದಗ, ಹಾವೇರಿ, ಬಾಗಲಕೋಟೆ, ಕಾರವಾರ, ದಾವಣಗೆರೆಗಳಿಂದ ರೈಲು ಅಥವಾ ಬಸ್ಸು ಹಿಡಿದು ಬೆಳಿಗ್ಗೆ ಬಂದು ರಾತ್ರಿಯೊಳಗೆ ಮನೆ ಸೇರಬಹುದಾದ ಊರು ಅದು. ಇನ್ನೊಂದು ಊರಿನಲ್ಲಿ ನಡೆಸುವವರು ಊರಿನ ಹೆಸರನ್ನೂ ಸರಕಿನ ಹೆಸರನ್ನೂ ಬದಲಿಸಿಕೊಂಡರೆ ಸಾಕು.

ಯಾರಿಗಾಗಿ ಎಂಬುದನ್ನು ಬರೆದಿಡಿ

ಈ ಪ್ರದೇಶದಲ್ಲಿ ಜಾಲತಾಣದಿಂದ ನೇರ ಲಾಭ ಪಡೆಯಬಲ್ಲ ವ್ಯಾಪಾರಗಳು ಬೇಕಾದಷ್ಟಿವೆ. ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣ, ನವಲಗುಂದದ ಜಮಖಾನೆ, ಬ್ಯಾಡಗಿಯ ಮೆಣಸಿನಕಾಯಿ, ಅಮೀನಗಡ ಮತ್ತು ಗೋಕಾಕಿನ ಕರದಂಟು, ಧಾರವಾಡದ ಪೇಡೆ, ಕಿನ್ನಾಳದ ಗೊಂಬೆ, ಖಡಕ್ ರೊಟ್ಟಿ ಮತ್ತು ಚಟ್ನಿಪುಡಿಯನ್ನು ಪೊಟ್ಟಣ ಕಟ್ಟಿ ಕಳಿಸುವ ಮಹಿಳಾ ಸ್ವಸಹಾಯ ಸಂಘಗಳು, ಇವೆಲ್ಲವೂ ದೂರದ ಗಿರಾಕಿಯನ್ನು ಹುಡುಕುವ ವ್ಯಾಪಾರಗಳು. ಇವುಗಳ ಜೊತೆಗೆ ಕೋಚಿಂಗ್ ತರಗತಿ, ದಂತ ಚಿಕಿತ್ಸಾಲಯ, ಜಿಮ್, ಖಾನಾವಳಿ, ಮದುವೆಯ ಛಾಯಾಗ್ರಾಹಕರು ಹತ್ತು ಕಿಲೋಮೀಟರಿನೊಳಗಿನ ಗಿರಾಕಿಯನ್ನು ಹುಡುಕುತ್ತಾರೆ. ಇವೆರಡು ಬೇರೆ ಬೇರೆ ವಿದ್ಯೆಗಳು: ಮೊದಲನೆಯವರಿಗೆ ಬೇಕಾದದ್ದು ಉತ್ಪನ್ನದ ಛಾಯಾಚಿತ್ರ, ವಾಟ್ಸ್‌ಆ್ಯಪ್ ಬಿಸಿನೆಸ್ ಕ್ಯಾಟಲಾಗ್, ಕೊರಿಯರ್ ಮತ್ತು ಮುಂಗಡ ಪಾವತಿಯ ಶಿಸ್ತು, ಎರಡನೆಯವರಿಗೆ ಬೇಕಾದದ್ದು ಗೂಗಲ್ ನಕ್ಷೆಯಲ್ಲಿ ಸರಿಯಾದ ಗುರುತು, ಗಿರಾಕಿಗಳ ವಿಮರ್ಶೆಗಳು, ಮತ್ತು ಊರಿನ ಸುತ್ತಳತೆಗೆ ಸೀಮಿತವಾದ ಜಾಹೀರಾತು. ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ‘ಡಿಜಿಟಲ್ ಯುಗದ ಸವಾಲುಗಳು’ ಎಂದು ಭಾಷಣ ಮಾಡಿಸಿದರೆ ಇಬ್ಬರಿಗೂ ಏನೂ ದಕ್ಕುವುದಿಲ್ಲ.

ಆದ್ದರಿಂದ ತಯಾರಿಯ ಮೊದಲ ವಾರದಲ್ಲೇ ಇಪ್ಪತ್ತು ವ್ಯಾಪಾರಸ್ಥರ ಅಂಗಡಿಗೆ ಹೋಗಿ ಕೂತು ಮೂರು ಸಂಗತಿಗಳನ್ನು ಕೇಳಿ ಬರೆದುಕೊಳ್ಳಿ. ಕಳೆದ ತಿಂಗಳು ಫೋನಿನ ಮೂಲಕ ಬಂದ ಗಿರಾಕಿಗಳು ಎಷ್ಟು ಮಂದಿ? ಖಾತೆಯನ್ನು ನಡೆಸುತ್ತಿರುವವರು ಯಾರು, ತಾವೋ, ಮಗಳೋ, ಫ್ಲೆಕ್ಸ್ ಮಾಡಿಕೊಡುವ ಅಂಗಡಿಯ ಹುಡುಗನೋ? ಜಾಹೀರಾತಿಗೆ ಹಣ ಕೊಟ್ಟು ಕೈ ಸುಟ್ಟುಕೊಂಡದ್ದುಂಟೇ? ಈ ಮೂರನೆಯ ಪ್ರಶ್ನೆಗೆ ಸಿಗುವ ಉತ್ತರಗಳಿಂದಲೇ ಅರ್ಧ ದಿನದ ಗೋಷ್ಠಿಗಳು ಹುಟ್ಟುತ್ತವೆ. ಪೋಸ್ಟನ್ನು ಹೆಚ್ಚು ಜನರಿಗೆ ತೋರಿಸುವ ‘ಬೂಸ್ಟ್’ ಗುಂಡಿಯನ್ನು ಒತ್ತಿ ಹಣ ಕಟ್ಟಿ, ಲೈಕುಗಳು ಬಂದವು, ಗಿರಾಕಿ ಮಾತ್ರ ಬರಲಿಲ್ಲ ಎಂಬ ದೂರು ನಿಮಗೆ ಬಹುತೇಕ ಪ್ರತಿ ಅಂಗಡಿಯಲ್ಲೂ ಕೇಳಿಬರುತ್ತದೆ.

ದಿನಾಂಕ

ದಿನಾಂಕದ ಆಯ್ಕೆಯನ್ನು ಪಂಚಾಂಗವೂ ಪೇಟೆಯೂ ಕೂಡಿ ನಿರ್ಧರಿಸುತ್ತವೆ. ದೀಪಾವಳಿಗೆ ಮುಂಚಿನ ತಿಂಗಳಲ್ಲಿ ಬಟ್ಟೆಯವರೂ ಮಿಠಾಯಿಯವರೂ ತಲೆ ಎತ್ತುವುದಿಲ್ಲ. ಜನವರಿಯಿಂದ ಮಾರ್ಚಿನವರೆಗೆ ಬ್ಯಾಡಗಿಯ ಮಾರುಕಟ್ಟೆಗೆ ಮೆಣಸಿನಕಾಯಿಯ ಆವಕ ಜೋರಾಗಿರುತ್ತದೆ, ಆ ಕಡೆಯವರನ್ನು ನಿರೀಕ್ಷಿಸಬೇಡಿ. ಗಣೇಶ ಹಬ್ಬದ ಹನ್ನೊಂದು ದಿನ ಹುಬ್ಬಳ್ಳಿಯ ರಸ್ತೆಗಳಲ್ಲಿ ಸಮಯ ಪಾಲನೆಯ ಮಾತೇ ಇಲ್ಲ; ಹೋಳಿಯ ನಂತರದ ರಂಗಪಂಚಮಿಯಂದು ಪೇಟೆಯೇ ಬಾಗಿಲು ಹಾಕುತ್ತದೆ. ಡಿಸೆಂಬರಿನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆಯುವಾಗ ಆ ಭಾಗದ ಒಳ್ಳೆಯ ಹೋಟೆಲುಗಳಲ್ಲಿ ಕೋಣೆ ಸಿಗುವುದೂ ಕಷ್ಟ, ನಿಮ್ಮ ಸುದ್ದಿಗೆ ಪತ್ರಿಕೆಗಳಲ್ಲಿ ಜಾಗ ಸಿಗುವುದೂ ಕಷ್ಟ.

ನನ್ನ ಮತವನ್ನು ಕೇಳಿದರೆ ಆಷಾಢವೇ ಅತ್ಯುತ್ತಮ. ಮದುವೆಗಳಿಲ್ಲದ ತಿಂಗಳಾದ್ದರಿಂದ ಕಲ್ಯಾಣಮಂಟಪಗಳು ಖಾಲಿ ಇರುತ್ತವೆ ಮತ್ತು ಬಾಡಿಗೆಯಲ್ಲಿ ಚೌಕಾಶಿಗೆ ಬಗ್ಗುತ್ತವೆ. ಅಡುಗೆಯವರು, ಪೆಂಡಾಲಿನವರು, ಧ್ವನಿವರ್ಧಕದವರು, ವಿಡಿಯೋದವರು ಎಲ್ಲರೂ ಬಿಡುವಾಗಿರುತ್ತಾರೆ. ಆಷಾಢದಲ್ಲಿ ಹೊಸ ಕೆಲಸಕ್ಕೆ ಕೈ ಹಾಕುವುದಿಲ್ಲ ಎನ್ನುವ ಪ್ರಾಯೋಜಕರು ಒಬ್ಬಿಬ್ಬರು ಸಿಕ್ಕೇ ಸಿಗುತ್ತಾರೆ. ಅವರಿಂದ ಜ್ಯೇಷ್ಠದಲ್ಲೇ ಚೆಕ್ ಪಡೆದುಕೊಳ್ಳಿ. ಮಳೆಯ ದಿನಗಳಾದ್ದರಿಂದ ವಾಹನ ನಿಲ್ಲಿಸುವ ಜಾಗ ಕೆಸರಾಗುವುದೇ ಎಂಬುದನ್ನು ಮಾತ್ರ ಮೊದಲೇ ನೋಡಿಕೊಳ್ಳಬೇಕು. ವಾರದ ದಿನವನ್ನು ಆರಿಸುವಾಗ ಭಾನುವಾರವೇ ಎಂದು ಕಣ್ಣುಮುಚ್ಚಿ ಹಾಕದೆ, ನಿಮ್ಮ ಊರಿನ ಪೇಟೆಗೆ ವಾರದ ರಜೆ ಯಾವತ್ತು ಎಂದು ಪೇಟೆಯಲ್ಲೇ ಕೇಳಿ ತೀರ್ಮಾನಿಸಿ.

ಸಭಾಂಗಣ ಮತ್ತು ಇಂಟರ್ನೆಟ್

ಸಭಾಂಗಣವನ್ನು ನೋಡಲು ಹೋದವರು ಕುರ್ಚಿ, ವೇದಿಕೆ, ಹವಾನಿಯಂತ್ರಣಗಳನ್ನು ನೋಡಿ ಮುಂಗಡ ಕೊಟ್ಟು ಬರುತ್ತಾರೆ. ಜಾಲತಾಣದ ಸಮ್ಮೇಳನಕ್ಕೆ ಇವು ಎರಡನೆಯ ಸಾಲಿನ ವಿಷಯಗಳು. ನಾನು ನೆರವಾಗಿದ್ದ ಒಂದು ಸಮ್ಮೇಳನದಲ್ಲಿ, ನೆಲಮಾಳಿಗೆಯಲ್ಲಿದ್ದ ಚೆಂದದ ಸಭಾಂಗಣದೊಳಗೆ ಬಾಗಿಲು ಹಾಕಿದ ಕೂಡಲೇ ಯಾವ ಫೋನಿಗೂ ಸಿಗ್ನಲ್ ಇಲ್ಲದಂತಾಗಿ, ‘ನೇರ ಪ್ರಸಾರದ ಮೂಲಕ ಮಾರಾಟ’ ಎಂಬ ಗೋಷ್ಠಿಯನ್ನು ಭಾಷಣಕಾರರು ಕರಿಹಲಗೆಯ ಮೇಲೆ ಬರೆದು ವಿವರಿಸಬೇಕಾಯಿತು. ಸಭಿಕರು ಸಭ್ಯರಾಗಿದ್ದುದರಿಂದ ನಗಲಿಲ್ಲ.

ಆದ್ದರಿಂದ ಜಿಯೋ, ಏರ್‌ಟೆಲ್, ಬಿಎಸ್‌ಎನ್‌ಎಲ್ ಸಂಪರ್ಕವಿರುವ ಮೂರು ಫೋನುಗಳನ್ನು ಹಿಡಿದು, ಸಭಾಂಗಣದ ಬಾಗಿಲುಗಳನ್ನು ಮುಚ್ಚಿಸಿ, ನಾಲ್ಕು ಮೂಲೆಗಳಲ್ಲೂ ನಿಂತು ಒಂದೊಂದು ವಿಡಿಯೋವನ್ನು ಅಪ್‌ಲೋಡ್ ಮಾಡಿ ನೋಡಿ. ಖಾಲಿ ಸಭಾಂಗಣದಲ್ಲಿ ಎಲ್ಲವೂ ಚೆನ್ನಾಗಿಯೇ ನಡೆಯುತ್ತದೆ; ಸಾಧ್ಯವಾದರೆ ಬೇರೆ ಯಾರದೋ ಕಾರ್ಯಕ್ರಮ ತುಂಬಿ ನಡೆಯುತ್ತಿರುವ ದಿನ ಹೋಗಿ ಇದೇ ಪರೀಕ್ಷೆಯನ್ನು ಮಾಡಿ. ಡೌನ್‌ಲೋಡ್ ವೇಗವನ್ನು ಎಲ್ಲರೂ ಹೇಳುತ್ತಾರೆ, ನೀವು ಅಪ್‌ಲೋಡ್ ವೇಗವನ್ನು ಕೇಳಬೇಕು. ಕಾರ್ಯಾಗಾರದ ಕೋಣೆಯಲ್ಲಿ 30 ಜನ ಏಕಕಾಲಕ್ಕೆ ಫೋಟೋ, ವಿಡಿಯೋಗಳನ್ನು ಏರಿಸುತ್ತಾರೆಂದರೆ, ತಲೆಗೆ 2 ಎಂಬಿಪಿಎಸ್ ಎಂದು ಹಿಡಿದರೂ 60 ಎಂಬಿಪಿಎಸ್ ಅಪ್‌ಲೋಡ್ ಬೇಕು. ಎರಡು ಬೇರೆ ಬೇರೆ ಕಂಪನಿಗಳ ತಾತ್ಕಾಲಿಕ ಸಂಪರ್ಕಗಳನ್ನು ಪಡೆದು, ಒಂದನ್ನು ವೇದಿಕೆಗೆ, ಇನ್ನೊಂದನ್ನು ಕಾರ್ಯಾಗಾರಕ್ಕೆ ಮೀಸಲಿಟ್ಟು, ಸಭಿಕರಿಗೆ ಸಾರ್ವಜನಿಕ ವೈಫೈ ಕೊಡುತ್ತೇವೆಂಬ ಆಶ್ವಾಸನೆಯನ್ನೇ ಕೊಡದಿರುವುದು ಜಾಣತನ. ಇಷ್ಟಾದರೂ ಪ್ರತಿ ಭಾಷಣಕಾರರ ಬಳಿ ಪರದೆಯ ಮೇಲೆ ಮಾಡಿ ತೋರಿಸುವ ಹಂತಗಳ ರೆಕಾರ್ಡ್ ಆದ ವಿಡಿಯೋ ಇರಲೇಬೇಕು. ಜನರೇಟರ್ ಶುರುವಾಗುವ ಮುಂಚಿನ ಅರ್ಧ ನಿಮಿಷದಲ್ಲಿ ರೌಟರ್ ಆರಿಹೋಗದಂತೆ ಅದಕ್ಕೊಂದು ಯುಪಿಎಸ್ ಹಾಕಿಸಿ.

ಹುಬ್ಬಳ್ಳಿಯೋ ಧಾರವಾಡವೋ ಎಂಬ ಹಳೆಯ ಜಗ್ಗಾಟಕ್ಕೆ ಬೀಳಬೇಡಿ. ಎರಡೂ ಊರುಗಳ ನಡುವೆ ಚಿಗರಿ ಬಸ್ಸು ಓಡುತ್ತಿರುವಾಗ ಅದರ ನಿಲ್ದಾಣದಿಂದ ನಡೆದು ಬರಬಹುದಾದ ಜಾಗವಾದರೆ ಸಾಕು.

ಲೆಕ್ಕ

ಪ್ರಾದೇಶಿಕ ಸಮ್ಮೇಳನಗಳು ಸೋಲುವುದು ಹೆಚ್ಚಾಗಿ ಲೆಕ್ಕದಲ್ಲಿ. ಒಂದು ಮಾದರಿ ಲೆಕ್ಕವನ್ನು ಹಾಕಿ ನೋಡೋಣ. ಅಂಕಿಗಳು ಕಲ್ಪಿತ, ನಿಮ್ಮ ಊರಿನ ದರಗಳನ್ನು ನೀವೇ ತುಂಬಿಕೊಳ್ಳಬೇಕು. ಬಾಡಿಗೆ, ಧ್ವನಿ, ಪರದೆ, ಇಂಟರ್ನೆಟ್, ಭಾಷಣಕಾರರ ಪ್ರಯಾಣ, ವಸತಿ ಮತ್ತು ಗೌರವಧನ, ಪ್ರಚಾರ, ವಿಡಿಯೋ, ಇವು ಎಷ್ಟು ಜನ ಬಂದರೂ ಬದಲಾಗದ ಖರ್ಚುಗಳು. ಇವುಗಳ ಮೊತ್ತ 2,60,000 ರೂಪಾಯಿ ಎನ್ನೋಣ. ಉಪಾಹಾರ, ಊಟ, ಎರಡು ಸಲ ಚಹಾ, ಗುರುತಿನ ಚೀಟಿ ಸೇರಿ ತಲೆಗೆ 600 ರೂಪಾಯಿಯಂತೆ 250 ಜನರಿಗೆ 1,50,000. ಒಟ್ಟು 4,10,000ಕ್ಕೆ ಶೇಕಡಾ 10ರಷ್ಟು ಅನಿರೀಕ್ಷಿತ ಖರ್ಚನ್ನು ಸೇರಿಸಿದರೆ 4,51,000. ಆದಾಯದ ಕಡೆ, 180 ಜನರಿಂದ 1,000 ರೂಪಾಯಿಯಂತೆ 1,80,000. ವಿದ್ಯಾರ್ಥಿಗಳು ಮತ್ತು ಸ್ವಸಹಾಯ ಸಂಘದ 40 ಸದಸ್ಯರಿಂದ 400ರಂತೆ 16,000. ಉಳಿದ 30 ಜನ ಭಾಷಣಕಾರರು, ಸ್ವಯಂಸೇವಕರು, ಪ್ರಾಯೋಜಕರ ಕಡೆಯವರು. ಅಂದರೆ ಎಲ್ಲ ಕುರ್ಚಿಗಳು ತುಂಬಿದರೂ ಟಿಕೆಟ್ಟಿನಿಂದ ಬರುವುದು 1,96,000 ಮಾತ್ರ. ಇನ್ನುಳಿದ 2,55,000 ಪ್ರಾಯೋಜಕರಿಂದಲೇ ಬರಬೇಕು.

ಈ ಲೆಕ್ಕ ಎರಡು ಸಂಗತಿಗಳನ್ನು ಹೇಳುತ್ತದೆ. ಟಿಕೆಟ್ಟಿನ ಹಣದಿಂದ ಊಟದ ಖರ್ಚು ಹುಟ್ಟಿ ಇನ್ನೊಂದಿಷ್ಟು ಉಳಿಯಬಹುದೇ ಹೊರತು ಸಮ್ಮೇಳನ ನಡೆಯುವುದಿಲ್ಲ. ಆದ್ದರಿಂದ ಪ್ರಾಯೋಜಕರ ಮೊತ್ತದಲ್ಲಿ ಅರ್ಧದಷ್ಟಾದರೂ ಬರಹದಲ್ಲಿ ಖಚಿತವಾಗುವವರೆಗೆ ಸಭಾಂಗಣಕ್ಕೆ ಮುಂಗಡ ಕೊಡಬಾರದು. ಹಾಗೆಂದು ಟಿಕೆಟ್ ಬೇಡವೆಂದೂ ಅಲ್ಲ. ಉಚಿತವಾಗಿಟ್ಟರೆ ಹೆಸರು ಕೊಟ್ಟವರಲ್ಲಿ ಎಷ್ಟು ಜನ ಬರುತ್ತಾರೆಂದು ಅಡುಗೆಯವರಿಗೆ ಹೇಳಲಾಗದೆ ನೀವು ಒದ್ದಾಡುತ್ತೀರಿ. ಹಣ ಕೊಟ್ಟವರು ಮಳೆ ಬಂದರೂ ಬರುತ್ತಾರೆ. ಸೇವೆಗಳ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟುವ ಸಂಸ್ಥೆ ಜಿಎಸ್‌ಟಿ ನೋಂದಣಿ ಮಾಡಿಸಬೇಕಾಗುತ್ತದೆ. ಸಂಘಟಿಸುವ ಸಂಸ್ಥೆ ನೋಂದಾಯಿತವಾಗಿದ್ದರೆ ಟಿಕೆಟ್ ದರದಲ್ಲಿ ತೆರಿಗೆ ಸೇರಿದೆಯೇ ಎಂಬುದನ್ನು ಮೊದಲ ಪ್ರಕಟಣೆಯಲ್ಲೇ ಹೇಳಿ, ಏಕೆಂದರೆ ವ್ಯಾಪಾರಸ್ಥರು ಬಿಲ್ ಕೇಳುತ್ತಾರೆ. ಭಾಷಣಕಾರರ ಗೌರವಧನದಲ್ಲಿ ತೆರಿಗೆ ಕಡಿತ ಮಾಡಬೇಕೇ ಎಂಬುದನ್ನು ಲೆಕ್ಕಪರಿಶೋಧಕರಿಂದ ತಿಳಿದು, ಕೈಗೆ ಸಿಗುವ ಮೊತ್ತವೆಷ್ಟೆಂದು ಆಹ್ವಾನದ ಪತ್ರದಲ್ಲೇ ಬರೆಯುವುದು ಮರ್ಯಾದೆ.

ಪ್ರಾಯೋಜಕರು ಕೇಳುವ ಪಟ್ಟಿ

ಹಣ ಕೊಡುವ ಪ್ರತಿಯೊಬ್ಬರೂ ಒಂದಲ್ಲ ಒಂದು ಹಂತದಲ್ಲಿ ‘ಬಂದವರ ಫೋನ್ ನಂಬರ್ ಪಟ್ಟಿ ಕೊಡ್ರಿ’ ಎಂದು ಕೇಳುತ್ತಾರೆ. ಕೊಡಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಯಾವ ಉದ್ದೇಶಕ್ಕೆ ಮಾಹಿತಿ ಪಡೆಯಲಾಗಿದೆ ಎಂಬುದನ್ನು ತಿಳಿಸಿ ಒಪ್ಪಿಗೆ ಪಡೆಯಬೇಕೆನ್ನುತ್ತದೆ, ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರುತ್ತಿವೆ. ಕಾಯ್ದೆಯ ಮಾತು ಒತ್ತಟ್ಟಿಗಿರಲಿ, ಸಮ್ಮೇಳನ ಮುಗಿದ ಮರುದಿನದಿಂದ ಸಾಲದ ಕಂಪನಿಯ ಕರೆಗಳು ಶುರುವಾದರೆ ಆ ವ್ಯಾಪಾರಸ್ಥರು ಮುಂದಿನ ವರ್ಷ ನಿಮ್ಮ ಆಹ್ವಾನವನ್ನು ತೆರೆದೂ ನೋಡುವುದಿಲ್ಲ. ನೋಂದಣಿ ಅರ್ಜಿಯಲ್ಲಿ ‘ಪ್ರಾಯೋಜಕರು ನನ್ನನ್ನು ಸಂಪರ್ಕಿಸಬಹುದು’ ಎಂಬ ಪ್ರತ್ಯೇಕ ಖಾನೆಯನ್ನು ಖಾಲಿಯಾಗಿ ಇಡಿ. ಇಷ್ಟವಿದ್ದವರು ಗುರುತು ಹಾಕಲಿ, ಅವರ ಹೆಸರುಗಳನ್ನು ಮಾತ್ರ ಕೊಡಿ. ಪ್ರಾಯೋಜಕರಿಗೆ ಪಟ್ಟಿಯ ಬದಲು ಮಳಿಗೆ ಕೊಡಿ, ಊಟದ ಹಾಲಿನ ಹಾದಿಯಲ್ಲೇ ಕೊಡಿ. ತಮ್ಮ ಸರಕಿನ ಬಗ್ಗೆ ಮಾತನಾಡಲು ಹತ್ತು ನಿಮಿಷ ಕೇಳಿದರೆ ಅದನ್ನೂ ಕೊಡಬಹುದು, ಆದರೆ ಕಾರ್ಯಕ್ರಮ ಪಟ್ಟಿಯಲ್ಲಿ ಅದರ ಮುಂದೆ ‘ಪ್ರಾಯೋಜಿತ’ ಎಂದು ಅಚ್ಚಾಗಿರಬೇಕು.

ಈ ಕೊನೆಯ ಮಾತನ್ನು ಒತ್ತಿ ಹೇಳಲು ಕಾರಣವಿದೆ. ಹಣ ಅಥವಾ ಉಡುಗೊರೆ ಪಡೆದು ಮಾಡಿದ ಪ್ರಚಾರವನ್ನು ಪ್ರಚಾರವೆಂದು ಸ್ಪಷ್ಟವಾಗಿ ತಿಳಿಸಬೇಕೆಂದು ಜಾಹೀರಾತು ಮಾನದಂಡ ಮಂಡಳಿಯು 2021ರಲ್ಲಿಯೂ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು 2023ರ ಜನವರಿಯಲ್ಲಿಯೂ ಇನ್‌ಫ್ಲುಯೆನ್ಸರ್‌ಗಳಿಗಾಗಿ, ಅಂದರೆ ಜಾಲತಾಣದ ತಮ್ಮ ಹಿಂಬಾಲಕರ ಮುಂದೆ ಸರಕುಗಳ ಪ್ರಚಾರ ಮಾಡುವವರಿಗಾಗಿ, ಮಾರ್ಗಸೂಚಿಗಳನ್ನು ಹೊರಡಿಸಿವೆ. ದಾರಿ ತಪ್ಪಿಸುವ ಜಾಹೀರಾತಿಗೆ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿಯಲ್ಲಿ ಮೊದಲ ಸಲ 10 ಲಕ್ಷ, ಮತ್ತೆ ತಪ್ಪಿದರೆ 50 ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಲು ಅವಕಾಶವಿದೆ. ಊರಿನ ರೀಲ್ಸ್ ಮಾಡುವ ಹುಡುಗರಲ್ಲಿ ಅನೇಕರಿಗೂ ಅವರಿಗೆ ಹಣ ಕೊಡುವ ಅಂಗಡಿಯವರಿಗೂ ಈ ವಿಷಯ ತಲುಪಿಲ್ಲ. ನಿಮ್ಮ ಸಮ್ಮೇಳನದಲ್ಲಿ ಇದಕ್ಕೊಂದು ಅರ್ಧ ಗಂಟೆ ಇಡುವುದು ಒಳ್ಳೆಯದು. ಇಟ್ಟಮೇಲೆ ನಿಮ್ಮ ಪ್ರಾಯೋಜಿತ ಭಾಷಣಕ್ಕೂ ಅದೇ ನಿಯಮವನ್ನು ಅನ್ವಯಿಸಿಕೊಳ್ಳದೆ ಗತ್ಯಂತರವಿಲ್ಲ.

ಪ್ರಚಾರವೇ ಮೊದಲ ಗೋಷ್ಠಿ

ಜಾಲತಾಣದಲ್ಲಿ ಮಾರುವುದನ್ನು ಕಲಿಸುತ್ತೇವೆ ಎನ್ನುವವರು ತಮ್ಮ ಸಮ್ಮೇಳನದ ಟಿಕೆಟ್ಟುಗಳನ್ನು ಜಾಲತಾಣದಲ್ಲಿ ಮಾರಿ ತೋರಿಸಬೇಕು. ಎಂಟು ವಾರ ಮೊದಲೇ ಶುರುಮಾಡಿ. ಒಂದೇ ಪೋಸ್ಟರನ್ನು ನೂರು ಗುಂಪುಗಳಿಗೆ ಹಂಚುವ ಬದಲು, ಮೊದಲ ವಾರ ಭೇಟಿ ಮಾಡಿದ ಆ ಇಪ್ಪತ್ತು ಅಂಗಡಿಗಳ ಪೈಕಿ ಒಪ್ಪಿದವರ ಒಂದೊಂದು ಪ್ರಶ್ನೆಯನ್ನು ಅವರದೇ ಮಾತಿನಲ್ಲಿ, ಅವರದೇ ಭಾಷೆಯ ಧಾಟಿಯಲ್ಲಿ ಮುಕ್ಕಾಲು ನಿಮಿಷದ ರೀಲ್ ಆಗಿ ಹಾಕಿ, ಉತ್ತರ ಸಮ್ಮೇಳನದಲ್ಲಿ ಸಿಗುತ್ತದೆ ಎಂದು ನಿಲ್ಲಿಸಿ. ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂ ಜಾಹೀರಾತುಗಳನ್ನು ಊರಿನ ಸುತ್ತಳತೆಯ ಲೆಕ್ಕದಲ್ಲಿ ಹಾಕಲು ಬರುವುದರಿಂದ, ಗದಗಕ್ಕೊಂದು, ಹಾವೇರಿಗೊಂದು, ಬೆಳಗಾವಿಗೊಂದು ಎಂದು ಬೇರೆ ಬೇರೆಯಾಗಿ, ಆ ಊರಿನಿಂದ ಬರುವ ರೈಲು ಅಥವಾ ಬಸ್ಸಿನ ಹೊತ್ತನ್ನೂ ಸೇರಿಸಿ ಹಾಕಿ. ಯಾವ ಊರಿಗೆ ಎಷ್ಟು ಖರ್ಚಾಯಿತು, ಎಷ್ಟು ಟಿಕೆಟ್ ಮಾರಾಟವಾಯಿತು ಎಂಬುದನ್ನು ಬರೆದಿಡಿ. ಸಮ್ಮೇಳನದ ದಿನ ಈ ಲೆಕ್ಕವನ್ನೇ, ಸೋತದ್ದನ್ನೂ ಸೇರಿಸಿ, ಪರದೆಯ ಮೇಲೆ ತೋರಿಸಿದರೆ ಅದಕ್ಕಿಂತ ಒಳ್ಳೆಯ ಪಾಠ ಬೇರೊಂದಿಲ್ಲ.

ವಾಟ್ಸ್‌ಆ್ಯಪ್ ವಿಷಯದಲ್ಲಿ ಒಂದು ಎಚ್ಚರಿಕೆ. ಒಂದೇ ಸಂದೇಶವನ್ನು ಹಲವರಿಗೆ ಬಿಡಿಬಿಡಿಯಾಗಿ ಕಳಿಸುವ ಬ್ರಾಡ್‌ಕಾಸ್ಟ್ ಪಟ್ಟಿಯಿಂದ ಕಳಿಸಿದ ಸಂದೇಶ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ತಲುಪುತ್ತದೆ. ಆದ್ದರಿಂದ ನೋಂದಣಿಯ ಮೊದಲ ಉತ್ತರದಲ್ಲೇ ‘ಈ ನಂಬರನ್ನು ಉಳಿಸಿಕೊಳ್ಳಿ’ ಎಂದು ಕೋರಿರಬೇಕು. ಎಲ್ಲರನ್ನೂ ಒಂದು ಗುಂಪಿಗೆ ಹಾಕಿದರೆ ಮೂರನೆಯ ದಿನಕ್ಕೆ ಶುಭೋದಯದ ಹೂವುಗಳು ಬರಲಾರಂಭಿಸಿ, ನಿಮ್ಮ ಬಸ್ ಮಾರ್ಗದ ಸೂಚನೆ ಅವುಗಳಡಿ ಹೂತುಹೋಗುತ್ತದೆ. ಗುಂಪು ಮಾಡಲೇಬೇಕಿದ್ದರೆ ಸಂಘಟಕರು ಮಾತ್ರ ಬರೆಯಬಲ್ಲಂತೆ ಮಾಡಿ.

ಬೀದಿಯ ಪ್ರಚಾರವೂ ಬೇಕು, ಆದರೆ ಫ್ಲೆಕ್ಸ್ ಬೇಡ; ಕರ್ನಾಟಕದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸ್ ಮತ್ತು ಬ್ಯಾನರುಗಳಿಗೆ 2016ರಿಂದಲೇ ನಿಷೇಧವಿದೆ. ಬಟ್ಟೆಯ ಬ್ಯಾನರಿಗೂ ಮಹಾನಗರ ಪಾಲಿಕೆಯ ಅನುಮತಿ ಪಡೆಯಿರಿ. ಹೊರಗೆ ಧ್ವನಿವರ್ಧಕ ಇಡುವುದಾದರೆ ಪೊಲೀಸ್ ಠಾಣೆಯ ಲಿಖಿತ ಅನುಮತಿ ಬೇಕು; ಬಿಡುವಿನ ವೇಳೆ ಸಿನಿಮಾ ಹಾಡುಗಳನ್ನು ಹಾಕುವುದಾದರೆ ಹಕ್ಕುದಾರ ಸಂಸ್ಥೆಗಳ ಪರವಾನಗಿ ಬೇಕು, ಇಲ್ಲವಾದರೆ ಊರಿನ ಕಲಾವಿದರೊಬ್ಬರಿಂದ ಸಿತಾರ್ ನುಡಿಸಿ. ಧಾರವಾಡದ ಪಕ್ಕದಲ್ಲಿದ್ದುಕೊಂಡು ರೆಕಾರ್ಡ್ ಹಾಕುವುದು ಹೇಗೂ ಒಪ್ಪುವ ಮಾತಲ್ಲ.

ಯಾರು ಮಾತನಾಡಬೇಕು

ಆರು ಭಾಷಣಕಾರರು ಸಾಕು. ಅವರಲ್ಲಿ ಇಬ್ಬರು ಹೊರಗಿನಿಂದ ಬರುವ ಪರಿಣಿತರಾಗಿರಲಿ, ಒಬ್ಬರು ಜಾಹೀರಾತಿನ ಲೆಕ್ಕ ಬಲ್ಲವರು, ಇನ್ನೊಬ್ಬರು ಕಾನೂನು ಅಥವಾ ತೆರಿಗೆ ಬಲ್ಲವರು. ಉಳಿದ ನಾಲ್ವರು ಇದೇ ಪ್ರದೇಶದಲ್ಲಿ ಫೋನಿನಿಂದ ನಿಜವಾಗಿ ಮಾರಾಟ ಮಾಡುತ್ತಿರುವವರಾಗಿರಬೇಕು. ಇಳಕಲ್ ಸೀರೆಯನ್ನು ಹೊರರಾಜ್ಯಕ್ಕೆ ಕಳಿಸುವ ನೇಕಾರ ಕುಟುಂಬದವರಿಗೆ ಮೈಕು ಹಿಡಿದು ಅರ್ಧ ಗಂಟೆ ಮಾತನಾಡಿ ಎಂದರೆ ಹೆದರಿ ಒಪ್ಪುವುದಿಲ್ಲ, ಒಪ್ಪಿದರೂ ಬರೆದದ್ದನ್ನು ಓದಿ ಮುಗಿಸುತ್ತಾರೆ. ಅವರನ್ನು ಸಂವಾದಕ್ಕೆ ಕೂರಿಸಿ, ಅವರ ಫೋನಿನ ಪರದೆಯನ್ನೇ ದೊಡ್ಡ ಪರದೆಗೆ ಜೋಡಿಸಿ, ಗಿರಾಕಿಯ ಹೆಸರು ಮತ್ತು ನಂಬರನ್ನು ಮರೆಮಾಡಿದ ಹಳೆಯ ಸಂಭಾಷಣೆಗಳನ್ನು ಒಂದೊಂದಾಗಿ ತೆರೆದು ಕೇಳಿ: ಇಲ್ಲಿ ದರ ಹೇಳಿದ ಮೇಲೆ ಗಿರಾಕಿ ಸುಮ್ಮನಾದರಲ್ಲ, ಆಗ ಏನು ಬರೆದಿರಿ? ಬಣ್ಣ ಬೇರೆ ಬಂತೆಂದು ಸೀರೆ ವಾಪಸ್ ಬಂದಾಗ ಏನು ಮಾಡಿದಿರಿ? ಸಭೆ ಮೈಯೆಲ್ಲ ಕಿವಿಯಾಗುವುದು ಇಂಥ ಹೊತ್ತಿನಲ್ಲಿಯೇ.

ಬೆಂಗಳೂರಿನಿಂದ ಬರುವವರು ಧಾರವಾಡದ ವಂದೇ ಭಾರತ್ ರೈಲಿನಲ್ಲಿ ಅದೇ ಬೆಳಿಗ್ಗೆ ಹೊರಡುತ್ತೇವೆ ಎಂದರೆ ಹುಬ್ಬಳ್ಳಿ ಮುಟ್ಟುವಾಗ ಮಧ್ಯಾಹ್ನ ಸಮೀಪಿಸಿರುತ್ತದೆ. ಬೆಳಗಿನ ಗೋಷ್ಠಿಗೆ ಬೇಕಾದವರನ್ನು ಹಿಂದಿನ ರಾತ್ರಿಯೇ ಕರೆಸಿಕೊಳ್ಳಿ. ಕರೆತರಲು ಹೋಗುವ ಸ್ವಯಂಸೇವಕರಿಗೆ ಬೋಗಿಯ ಸಂಖ್ಯೆಯನ್ನೂ ನಿಲ್ದಾಣದ ಯಾವ ದ್ವಾರ ಎಂಬುದನ್ನೂ ಹೇಳಿರಬೇಕು, ಏಕೆಂದರೆ 1,507 ಮೀಟರ್ ಉದ್ದದ, ಜಗತ್ತಿನಲ್ಲೇ ಅತ್ಯಂತ ಉದ್ದವೆನಿಸಿಕೊಂಡ ಪ್ಲಾಟ್‌ಫಾರ್ಮ್ ಇರುವ ನಿಲ್ದಾಣದಲ್ಲಿ ‘ಪ್ಲಾಟ್‌ಫಾರ್ಮಿನಲ್ಲೇ ನಿಂತಿರುತ್ತೇನೆ’ ಎಂಬ ಮಾತಿಗೆ ಅರ್ಥವಿಲ್ಲ.

ಸ್ಲೈಡುಗಳನ್ನು ಒಂದು ವಾರ ಮೊದಲೇ ತರಿಸಿಕೊಳ್ಳಿ, ಪಿಡಿಎಫ್ ರೂಪದಲ್ಲಿಯೂ ತರಿಸಿಕೊಳ್ಳಿ. ‘ನುಡಿ’ ಅಥವಾ ‘ಬರಹ’ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಟೈಪ್ ಮಾಡಿದ ಕನ್ನಡ, ಆ ಫಾಂಟ್ ಇಲ್ಲದ ಸಭಾಂಗಣದ ಕಂಪ್ಯೂಟರಿನಲ್ಲಿ ಅರ್ಥವಾಗದ ಚಿಹ್ನೆಗಳ ಸಾಲಾಗಿ ಮೂಡುವುದನ್ನು ಕನ್ನಡದ ಕಾರ್ಯಕ್ರಮ ನಡೆಸಿದವರೆಲ್ಲರೂ ಒಮ್ಮೆಯಾದರೂ ಕಂಡಿರುತ್ತಾರೆ. ಎಲ್ಲ ಕಂಪ್ಯೂಟರುಗಳೂ ಓದಬಲ್ಲ ಯೂನಿಕೋಡ್ ಅಕ್ಷರಗಳು ಕಡ್ಡಾಯವೆಂದು ಆಹ್ವಾನದಲ್ಲೇ ಬರೆಯಿರಿ. ಭಾಷೆ ಕನ್ನಡವಾಗಿರಲಿ. ರೀಚ್, ಕ್ಲಿಕ್, ಬಯೋ ಮುಂತಾದ ಪದಗಳಿಗೆ ಸಂಸ್ಕೃತದಿಂದ ಹೊಸ ಪದ ಹೊಸೆದು ಸಭಿಕರನ್ನು ದಣಿಸುವ ಅಗತ್ಯವಿಲ್ಲ, ಫೋನಿನ ಪರದೆಯ ಮೇಲೆ ಅವರು ಕಾಣುವ ಪದವೇ ಅವರಿಗೆ ಬೇಕಾದದ್ದು.

ಆ ದಿನ

ದೂರದಿಂದ ಬರುವವರನ್ನು ನೆನೆದು ಬೆಳಿಗ್ಗೆ 10.30ಕ್ಕೆ ಶುರು ಮಾಡಿ, ಸಂಜೆ 5ಕ್ಕೆ ಮುಗಿಸಿ. ಉದ್ಘಾಟನೆಗೆ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಕೊಡಬೇಡಿ. ನಾಡಗೀತೆಗೆ 2 ನಿಮಿಷ 30 ಸೆಕೆಂಡುಗಳೆಂದು ಸರ್ಕಾರವೇ 2022ರಲ್ಲಿ ನಿಗದಿ ಮಾಡಿದೆ; ಸ್ವಾಗತ ಭಾಷಣಕ್ಕೆ ಇಂಥದೊಂದು ಆದೇಶ ಇನ್ನೂ ಹೊರಟಿಲ್ಲವಾದ್ದರಿಂದ ಆ ಕೆಲಸವನ್ನು ನೀವೇ ಮಾಡಬೇಕು. ಶಾಲು, ಹಾರ, ನೆನಪಿನ ಕಾಣಿಕೆಗಳ ಸನ್ಮಾನವನ್ನು ಪೂರ್ತಿ ಬಿಟ್ಟರೆ ಊರವರಿಗೆ ಬೇಸರವಾಗುತ್ತದೆ, ಬೆಳಿಗ್ಗೆಯೇ ಇಟ್ಟರೆ ಮೊದಲ ಗೋಷ್ಠಿ ಸಾಯುತ್ತದೆ. ಪ್ರತಿ ಭಾಷಣ ಮುಗಿದ ಕೂಡಲೇ ಅವರವರಿಗೆ ಒಂದು ನಿಮಿಷದಲ್ಲಿ ಮಾಡಿ ಮುಗಿಸುವುದು ನಾನು ಕಂಡ ಒಳ್ಳೆಯ ಪರಿಹಾರ.

ಬೆಳಗಿನ ಹೊತ್ತು ಎಲ್ಲರೂ ಒಂದೇ ಕಡೆ ಕೂತು ಮೂರು ಗೋಷ್ಠಿಗಳನ್ನು ಕೇಳಲಿ. ಜೋಳದ ರೊಟ್ಟಿ, ಎಣ್ಣೆಗಾಯಿ, ಮೊಸರು, ಶೇಂಗಾ ಚಟ್ನಿಯ ಊಟವಾದ ಮೇಲೆ ಭಾಷಣ ಇಡುವುದು ಭಾಷಣಕಾರರಿಗೂ ಅನ್ಯಾಯ, ಊಟಕ್ಕೂ ಅನ್ಯಾಯ. ಮಧ್ಯಾಹ್ನ 2ರಿಂದ 4ರವರೆಗೆ ಕೈಯಿಂದ ಮಾಡುವ ಕೆಲಸವಿರಲಿ: ತಲಾ ಮೂವತ್ತು ಜನರ ಗುಂಪುಗಳಲ್ಲಿ ಒಂದು ಕಡೆ ಕಿಟಕಿಯ ಬೆಳಕಿನಲ್ಲಿ ಸರಕಿನ ಫೋಟೋ ತೆಗೆಯುವುದು, ಒಂದು ಕಡೆ ಕ್ಯಾಟಲಾಗ್ ತುಂಬುವುದು, ಒಂದು ಕಡೆ ನಕ್ಷೆಯಲ್ಲಿ ಅಂಗಡಿಯನ್ನು ಸರಿಪಡಿಸುವುದು, ಇನ್ನೊಂದು ಕಡೆ ಒಬ್ಬೊಬ್ಬರ ಪೇಜನ್ನು ನೋಡಿ ಸಲಹೆ ಕೊಡುವುದು. ಪ್ರತಿ ಹತ್ತು ಜನರಿಗೆ ಒಬ್ಬ ಸಹಾಯಕ ಬೇಕು. ಊರಿನ ಕಾಲೇಜುಗಳ ವಾಣಿಜ್ಯ ಮತ್ತು ಪತ್ರಿಕೋದ್ಯಮ ವಿದ್ಯಾರ್ಥಿಗಳಿಗೆ ಹಿಂದಿನ ಶನಿವಾರ ಅರ್ಧ ದಿನ ತರಬೇತಿ ಕೊಟ್ಟರೆ ಅವರು ಈ ಕೆಲಸವನ್ನು ಚೆನ್ನಾಗಿ ಮಾಡುತ್ತಾರೆ.

ಇಲ್ಲಿಯೇ ಒಂದು ವಿಚಿತ್ರ ತೊಡಕು ಎದುರಾಗುತ್ತದೆ. ಕಾರ್ಯಾಗಾರದಲ್ಲಿ ಕೂತವರಲ್ಲಿ ಹಲವರಿಗೆ ತಮ್ಮ ಖಾತೆಯೊಳಗೆ ಹೋಗಲು ಬರುವುದಿಲ್ಲ. ಪಾಸ್‌ವರ್ಡ್ ಮಗನಿಗೆ ಗೊತ್ತು, ಮಗ ಪುಣೆಯಲ್ಲಿದ್ದಾನೆ. ಒಟಿಪಿ ಬರುವ ಸಿಮ್ ಮನೆಯಲ್ಲಿಟ್ಟ ಹಳೆಯ ಫೋನಿನಲ್ಲಿದೆ. ಪೇಜಿನ ಅಡ್ಮಿನ್ ಹಕ್ಕು ಎರಡು ವರ್ಷದ ಹಿಂದೆ ಅದನ್ನು ಮಾಡಿಕೊಟ್ಟ ಏಜೆನ್ಸಿಯ ಹತ್ತಿರವೇ ಉಳಿದಿದೆ. ಸಮ್ಮೇಳನಕ್ಕೆ ಹತ್ತು ದಿನ ಮೊದಲು ಎಲ್ಲರಿಗೂ ಒಂದು ಸಂದೇಶ ಕಳಿಸಿ, ಒಟಿಪಿ ಬರುವ ಸಿಮ್, ಪಾಸ್‌ವರ್ಡ್, ಚಾರ್ಜರ್ ಮತ್ತು ತಾವು ಮಾರುವ ಒಂದು ವಸ್ತು, ಈ ನಾಲ್ಕನ್ನೂ ತರಬೇಕೆಂದು ತಿಳಿಸಿ. ಖಾತೆಯ ಒಡೆತನ ಯಾರ ಹೆಸರಿನಲ್ಲಿದೆ ಎಂದು ನೋಡಿಕೊಂಡು ಬನ್ನಿ ಎಂದೂ ಬರೆಯಿರಿ. ಸಭಿಕರಲ್ಲಿ ಕೆಲವರಿಗೆ ಆ ದಿನದ ಅತಿದೊಡ್ಡ ಲಾಭವೆಂದರೆ ತಮ್ಮದೇ ಪೇಜು ತಮ್ಮ ಕೈಗೆ ಮರಳಿ ಬಂದದ್ದಾಗಿರುತ್ತದೆ. ಅದೇ ಗುಂಪಿಗೆ, ವ್ಯಾಪಾರಿ ಖಾತೆಯ ರೀಲ್‌ಗಳಲ್ಲಿ ಸಿನಿಮಾ ಹಾಡುಗಳನ್ನು ಮನಬಂದಂತೆ ಬಳಸಿದರೆ ಹಕ್ಕುಸ್ವಾಮ್ಯದ ತೊಂದರೆ ಬರುತ್ತದೆ ಎಂಬುದನ್ನೂ ಹೇಳಿಬಿಡಿ.

ಗುರುತಿನ ಚೀಟಿಯ ಮೇಲೆ ಹೆಸರಿಗಿಂತ ದೊಡ್ಡದಾಗಿ ಊರು ಮತ್ತು ಸರಕು ಅಚ್ಚಾಗಲಿ: ‘ನರಗುಂದ, ಕೈಮಗ್ಗದ ಬಟ್ಟೆ’ ಎಂಬುದನ್ನು ಓದಿ ಮಾತಿಗಿಳಿಯುವುದು ಸುಲಭ. ಛಾಯಾಚಿತ್ರ ಮತ್ತು ವಿಡಿಯೋ ತೆಗೆಯಲಾಗುತ್ತದೆ ಎಂಬ ಫಲಕವನ್ನು ಬಾಗಿಲಲ್ಲೇ ಹಾಕಿ, ಬೇಡವೆನ್ನುವವರಿಗೆ ಬೇರೆ ಬಣ್ಣದ ದಾರದ ಚೀಟಿ ಕೊಡಿ. ನಾಲ್ಕು ಗಂಟೆಗೆ ಗಿರ್ಮಿಟ್, ಮಿರ್ಚಿ ಭಜಿ ಮತ್ತು ಚಹಾ ಕೊಟ್ಟು, ಕೊನೆಯ ಅರ್ಧ ಗಂಟೆಯನ್ನು ಪ್ರಶ್ನೋತ್ತರಕ್ಕೆ ಬಿಡಿ. ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಮೈಕು ಕೊಟ್ಟರೆ ಕೆಲವರು ಪ್ರಶ್ನೆಯ ಬದಲು ಅಧ್ಯಕ್ಷೀಯ ಭಾಷಣ ಮಾಡುತ್ತಾರೆ, ಕೇಳಬೇಕೆಂದು ಬಂದ ಮಹಿಳೆಯರು ಹಿಂದಿನ ಸಾಲಿನಲ್ಲೇ ಉಳಿಯುತ್ತಾರೆ.

ಮುಗಿದ ಮೇಲೆ

ಅಡುಗೆಯವರಿಗೆ, ಧ್ವನಿವರ್ಧಕದವರಿಗೆ ಅದೇ ರಾತ್ರಿ ಹಣ ಚುಕ್ತಾ ಮಾಡಿ. ಎರಡು ದಿನಗಳೊಳಗೆ ಭಾಷಣಗಳ ತುಣುಕುಗಳನ್ನು ಒಂದೊಂದು ನಿಮಿಷದ ಕನ್ನಡ ರೀಲ್‌ಗಳಾಗಿ ಕತ್ತರಿಸಿ, ಮಾತನಾಡಿದವರ ಒಪ್ಪಿಗೆ ಪಡೆದು ಹಾಕುತ್ತ ಹೋಗಿ. ಮೂರು ತಿಂಗಳಿಗಾಗುವಷ್ಟು ಸರಕು ಅದರಲ್ಲಿರುತ್ತದೆ. ಪ್ರಾಯೋಜಕರಿಗೆ ಎರಡು ಪುಟದ ವರದಿ ಕಳಿಸಿ, ಬಂದವರ ಸಂಖ್ಯೆಯನ್ನು ಬಾಗಿಲಲ್ಲಿ ಎಣಿಸಿದಷ್ಟೇ ಬರೆಯಿರಿ.

ನಲವತ್ತನೆಯ ದಿನ ನೋಂದಣಿ ಪಟ್ಟಿಯಿಂದ ಐವತ್ತು ಜನರಿಗೆ ಕರೆ ಮಾಡಿ ಒಂದೇ ಪ್ರಶ್ನೆ ಕೇಳಿ: ಆ ದಿನ ಕಲಿತದ್ದರಲ್ಲಿ ಈಗಲೂ ಮಾಡುತ್ತಿರುವುದು ಯಾವುದು? ಉತ್ತರಗಳನ್ನು ಊರಿನ ಹೆಸರು ಮತ್ತು ಸರಕಿನ ಹೆಸರಿನ ಎದುರು ಬರೆದುಕೊಳ್ಳಿ. ಆ ಕರೆಗಳು ಮುಗಿದ ಮೇಲೆ, ಮುಂದಿನ ವರ್ಷ ಕರೆಯಬಹುದು ಎಂದು ಒಪ್ಪಿದವರ ನಂಬರುಗಳನ್ನು ಮಾತ್ರ ಇಟ್ಟುಕೊಂಡು ಉಳಿದ ಪಟ್ಟಿಯನ್ನು ಅಳಿಸಿಹಾಕಿ. ಸ್ವಯಂಸೇವಕರ ಫೋನುಗಳಿಗೆ ಹೋಗಿರುವ ಪ್ರತಿಗಳನ್ನೂ ಅಳಿಸಲು ಮರೆಯಬೇಡಿ.